ಎದುರು ಬೆಂಚಿನ ಮೇಷ್ಟ್ರು

ಆ ಶನಿವಾರವೂ ಮೇಷ್ಟ್ರು ಬೈಪಾಸಿನಲ್ಲಿ ಇಳಿದು ನಡೆದುಕೊಂಡೇ ಬಂದರು. ಚಿತ್ರದುರ್ಗದ ಕಡೆಯಿಂದ ಬರುವ ಎಷ್ಟೋ ಬಸ್ಸುಗಳು ಹಿರಿಯೂರಿನ ಒಳಗೆ ಬರುವುದಿಲ್ಲ. ಸೇತುವೆ ಹತ್ತಿರ ಇಳಿಸಿ ಬೆಂಗಳೂರಿನ ಕಡೆ ಹೋಗಿಬಿಡುತ್ತವೆ. ಅಲ್ಲಿಂದ ಆಟೋ ಸಿಗುತ್ತದೆ, ಅವರು ಹತ್ತುತ್ತಿರಲಿಲ್ಲ. ದಾರಿಯಲ್ಲಿ ಹುರಿದ ಕಡ್ಲೆಕಾಯಿ ಕಟ್ಟಿಸಿಕೊಂಡು, ಕನ್ನಡಕವನ್ನು ಷರ್ಟಿನ ತುದಿಯಿಂದ ಒರೆಸುತ್ತಾ ಗ್ರಂಥಾಲಯದ ಬಾಗಿಲಲ್ಲಿ ನಿಂತು, "ಬೆಂಚು ಹಾಕಿದೀರೇನ್ರಿ?" ಎಂದು ಕೇಳಿದರು. ಹಾಕಿದ್ದೆ. ಪ್ರತಿ ಶನಿವಾರ ಹಾಕುತ್ತಿದ್ದೆ, ಪ್ರತಿ ಶನಿವಾರ ಅವರು ಕೇಳುತ್ತಿದ್ದರು. ಇನ್ನು ಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ ಎಂದು ತಿಳಿದಿದ್ದರೆ ತಲೆಯೆತ್ತಿ ಅವರ ಮುಖ ನೋಡಿ ಉತ್ತರ ಕೊಡುತ್ತಿದ್ದೆನೋ ಏನೋ. ಪುಸ್ತಕಕ್ಕೆ ಮುದ್ರೆ ಒತ್ತುತ್ತಾ ಹೂಂ ಅಂದೆ, ಅಷ್ಟೆ.

ನಾನು ಆ ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕಿ. ಓದಿದ್ದು ಪಿಯುಸಿ. ಆದಿವಾಲದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಅವರು ಇತಿಹಾಸದ ಅತಿಥಿ ಉಪನ್ಯಾಸಕರು. ಹುಟ್ಟಿದ್ದು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ, ಬಾಡಿಗೆ ಮನೆ ದುರ್ಗದಲ್ಲಿ, ಪಾಠ ವಾರದಲ್ಲಿ ಕೆಲವು ದಿನ ಹೊಳಲ್ಕೆರೆಯಲ್ಲಿ, ಕೆಲವು ದಿನ ನಮ್ಮಲ್ಲಿ. ತಲೆ ನರೆತಿದ್ದರೂ ಅವರಿನ್ನೂ ಅತಿಥಿಯೇ. ನಮ್ಮ ಕಡೆ ಅತಿಥಿ ಬಂದರೆ ಹೋಳಿಗೆ ಮಾಡುತ್ತಾರೆ, ಇಲ್ಲಿ ಸ್ಟಾಫ್ ರೂಮಿನಲ್ಲಿ ಕುರ್ಚಿಯನ್ನೂ ಇಟ್ಟಿಲ್ಲ ಎಂದು ನಗುತ್ತಿದ್ದರು. ಕುರ್ಚಿ ಇಲ್ಲದ್ದಕ್ಕೇ ಅವರು ಗ್ರಂಥಾಲಯದಲ್ಲಿ ಬಂದು ಕೂರುವುದು ರೂಢಿಯಾಯಿತು. ನನಗೆ ಅವರ ಪರಿಚಯವಾದದ್ದು ಹಾಗೆ.

ಶನಿವಾರ ತರಗತಿ ಮುಗಿದ ಮೇಲೆ ವಾಚನಾಲಯದಲ್ಲಿ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಮಾತಾಡಿಸುವುದು ಅವರು ತಾವಾಗಿಯೇ ಮೈಮೇಲೆ ಹಾಕಿಕೊಂಡ ಕೆಲಸ. ಅದಕ್ಕೆ ಯಾರೂ ಹೇಳಿರಲಿಲ್ಲ, ಯಾರೂ ಬೇಡವೆಂದಿರಲೂ ಇಲ್ಲ. ಸಿನಿಮಾ, ಎಲೆಕ್ಷನ್ನು, ಊರಿನ ನಾಟಕ, ಫೋನಿನ ರೀಲ್ಸು, ಯಾವ ವಿಷಯವಾದರೂ ಆಗುತ್ತಿತ್ತು. ಎರಡು ಬೆಂಚುಗಳನ್ನು ಎದುರುಬದುರು ಹಾಕಿ ನಡುವೆ ಮೇಜಿಟ್ಟು ಕಡ್ಲೆಕಾಯಿ ಸುರಿಯುತ್ತಿದ್ದರು. ನಿಯಮ ಒಂದೇ. ನಿನ್ನ ಅಭಿಪ್ರಾಯ ಏನೇ ಇರಲಿ, ಅದನ್ನು ಹೇಳುವ ಮೊದಲು ಎದುರು ಬೆಂಚಿಗೆ ಹೋಗಿ ಕೂತು, ನಿನ್ನನ್ನು ಒಪ್ಪದವರ ಮಾತನ್ನು ನೀನು ಹೇಳಬೇಕು. ಕಾಟಾಚಾರಕ್ಕಲ್ಲ, ಗೇಲಿಯಾಗಿ ಅಲ್ಲ. ಆ ಕಡೆಯವರು "ಹೌದು, ನಾನು ಹೇಳಬೇಕಾಗಿದ್ದುದು ಇದೇ" ಎಂದು ಒಪ್ಪುವ ಹಾಗೆ ಹೇಳಬೇಕು. ಅವರು ಒಪ್ಪಿದ ಮೇಲೆ ಎದ್ದು ನಿನ್ನ ಬೆಂಚಿಗೆ ಬಂದು ನಿನ್ನದನ್ನು ಹೇಳಬಹುದು. ಒಪ್ಪದಿದ್ದರೆ ಆ ವಾರ ನಿನಗೆ ಅಭಿಪ್ರಾಯವಿಲ್ಲ, ಕಡ್ಲೆಕಾಯಿ ತಿಂದು ಮನೆಗೆ ಹೋಗು.

ಎಷ್ಟೋ ಹುಡುಗರು ಸುಮ್ಮನೆ ಕಡ್ಲೆಕಾಯಿ ತಿಂದು ಮನೆಗೆ ಹೋಗುತ್ತಿದ್ದರು. ಬೈಗುಳ ಬರುವಷ್ಟು ಸಲೀಸಾಗಿ ಬೇರೆಯವರ ಮಾತು ಬಾಯಿಗೆ ಬರುವುದಿಲ್ಲ ಎಂದು ನಾನು ಅಲ್ಲಿ ನೋಡಿ ತಿಳಿದುಕೊಂಡೆ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಹೊಸದರಲ್ಲಿ ಅದೇ ವಿಷಯ ಬಂತು. ಹೊಳಲ್ಕೆರೆ ಕಡೆಯ ಹುಡುಗನೊಬ್ಬ ಇದೆಲ್ಲ ಓಟಿನ ಆಟ ಎಂದ. ಹುಡುಗಿಯರು ಒಟ್ಟಾಗಿ ಮೇಲೆ ಬಿದ್ದರು. ನಾನು ಮೂಲೆಯಲ್ಲಿ ಪತ್ರಿಕೆ ಜೋಡಿಸುತ್ತಿದ್ದೆ. ಮೇಷ್ಟ್ರು ನನ್ನ ಕಡೆ ತಿರುಗಿ, "ದಿನಾ ಬಸ್ಸಲ್ಲಿ ಬರೋರು ನೀವು. ಬರ್ರಿ, ಕುಂತ್ಕಳ್ರಿ" ಎಂದರು. ಆವರೆಗೆ ನನ್ನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಸಾಕೇ ಎಂದು ನಾನೇ ಬೇರೆಯವರನ್ನು ಕೇಳುವವಳು. ನನಗೆ ಪುಕ್ಕಟೆ ಬಸ್ಸು ಬೇಕಾಗಿತ್ತು, ಆದ್ದರಿಂದ ಬೇಡ ಎನ್ನುವವರ ಬೆಂಚಿನಲ್ಲಿ ಕೂರಬೇಕಾಯಿತು. ಬರೀ ಹೆಂಗಸರೇ ನಿಂತಿದ್ದರೆ ಕೆಲವು ಸಲ ಬಸ್ಸು ನಿಲ್ಲಿಸದೆ ಹೋಗುತ್ತಾರೆ, ಪುಕ್ಕಟೆ ಎಂದರೆ ಮರ್ಯಾದೆಯೂ ಕಡಿಮೆಯಾಗುತ್ತದೆ, ಕಾಸು ಕೊಟ್ಟಿದ್ದರೆ ಜಗಳವಾಡಬಹುದಿತ್ತು ಎಂದು ತೊದಲುತ್ತಾ ಹೇಳಿದೆ. ಆ ಹೊಳಲ್ಕೆರೆ ಹುಡುಗ, "ಹೂಂ ಅಕ್ಕ, ಇದನ್ನೇ ಹೇಳಾಣ ಅಂತಿದ್ದೆ, ಬರ್ಲಿಲ್ಲ" ಎಂದ. ಆಮೇಲೆ ನನ್ನ ಬೆಂಚಿಗೆ ಬಂದು ನನ್ನದನ್ನು ಹೇಳಿದೆ. ಏನು ಹೇಳಿದೆ ಎಂಬುದು ಮರೆತಿದೆ. ಆ ಹುಡುಗನ ಪರವಾಗಿ ಹೇಳಿದ್ದು ಮಾತ್ರ ನೆನಪಿದೆ.

ಮೇಷ್ಟ್ರು ದೇವರಂಥವರೇನೂ ಅಲ್ಲ. ಹೊಗಳುವುದಕ್ಕೆ ಬಹಳ ಜಿಪುಣರು. ಯಾರಾದರೂ ಚೆನ್ನಾಗಿ ಮಾತಾಡಿದರೆ "ಪರವಾಗಿಲ್ಲ" ಎನ್ನುತ್ತಿದ್ದರು, ಆ ಮಾತಿಗೇ ಮಕ್ಕಳು ಕಾಯುವಂತೆ ಮಾಡಿದ್ದರು. ಹಟವೂ ಇತ್ತು. ರೀಲ್ಸ್ ಎಂದರೆ ಅವರಿಗೆ ಆಗುತ್ತಿರಲಿಲ್ಲ. ಒಂದು ಸಲ ಮಕ್ಕಳು ಸೇರಿಕೊಂಡು ಅವರನ್ನೇ ಎದುರು ಬೆಂಚಿನಲ್ಲಿ ಕೂರಿಸಿ ರೀಲ್ಸ್ ಪರವಾಗಿ ಮಾತಾಡಿ ಎಂದರು. ಅವರು ಮಾತಾಡಿದರು, ಎಲ್ಲರೂ ನಕ್ಕರು. ರೀಲ್ಸ್ ಮಾಡುತ್ತಿದ್ದ ಹುಡುಗಿಯೊಬ್ಬಳು ನಗಲಿಲ್ಲ. "ಸಾರ್, ನೀವು ನನ್ ಮಾತು ಹೇಳ್ಲಿಲ್ಲ. ಆಡ್ಕಂಡ್ರಿ" ಎಂದಳು. ಮೇಷ್ಟ್ರು ಕನ್ನಡಕ ತೆಗೆದರು. ಯಾರ ಮಾತನ್ನಾದರೂ ಪೂರ್ತಿ ಕೇಳಬೇಕಾದಾಗ ಅವರು ಕನ್ನಡಕ ತೆಗೆಯುತ್ತಿದ್ದರು, ಕಣ್ಣಿಗೆ ಏನೂ ಕಾಣದಿದ್ದರೆ ಕಿವಿ ಸರಿಯಾಗಿ ಕೆಲಸ ಮಾಡುತ್ತದೆ ಎಂಬಂತೆ. ಮುಂದಿನ ಶನಿವಾರ ಅವರೇ ಮತ್ತೆ ಆ ಬೆಂಚಿನಲ್ಲಿ ಕೂತರು. ವಾರವೆಲ್ಲ ಬಸ್ಸಿನಲ್ಲಿ ರೀಲ್ಸ್ ನೋಡಿಕೊಂಡು ಬಂದಿದ್ದರಂತೆ. ಹಾಡಲು ಕುಣಿಯಲು ಊರಲ್ಲಿ ನಾಲ್ಕು ಜನರ ಮುಂದೆ ಬಿಡದ ಹುಡುಗಿಗೆ ಅಂಗೈಯಗಲದ ಒಂದು ರಂಗಸ್ಥಳ ಸಿಕ್ಕಿದೆ, ಅದನ್ನು ಕಸಿದುಕೊಳ್ಳುವ ಮೊದಲು ನೀವು ಅವಳಿಗೆ ಬೇರೆ ಯಾವುದನ್ನು ಕೊಟ್ಟಿದ್ದೀರಿ ಎಂದು ಕೇಳಿದರು. ಆ ಹುಡುಗಿ, "ಪರವಾಗಿಲ್ಲ ಸಾರ್" ಎಂದಳು. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಬೇರೆ ಯಾವತ್ತೂ ಕೇಳಲಿಲ್ಲ.

ಅವರ ಇನ್ನೊಂದು ಹಟ ಫೋನಿನ ವಿಷಯದ್ದು. ಫೋನುಗಳನ್ನು ಈಚೆ ಇಡಿಸಿ ಸಾರ್, ಕಾಲ ಸರಿಯಿಲ್ಲ ಎಂದು ನಾನು ಹೇಳಿದ್ದೆ. ಯಾರೋ ನೋಡುತ್ತಿದ್ದಾರೆ ಎಂದು ಹೆದರಿ ನುಂಗಿಕೊಳ್ಳುವಂಥ ಮಾತನ್ನು ಆಡದಿರುವುದೇ ಒಳ್ಳೆಯದು ಎಂದರು, ನನ್ನ ಮಾತು ಕೇಳಲಿಲ್ಲ. ಮಾತನ್ನು ಅರ್ಧಕ್ಕೆ ಕತ್ತರಿಸಬಹುದು ಎಂಬುದು ಅವರ ತಲೆಗೆ ಬರಲಿಲ್ಲ. ಪಾಪ, ಅವರಿಗೆ ಗೊತ್ತಿದ್ದ ಇತಿಹಾಸದಲ್ಲಿ ತಲೆ ಕತ್ತರಿಸುವವರೇ ಇದ್ದರು.

ಆ ಶನಿವಾರಕ್ಕೆ ಬರುತ್ತೇನೆ.

ಮುಂದಿನ ವಾರ ಒಬ್ಬ ದೊಡ್ಡ ನಟನ ಸಿನಿಮಾ ಬಿಡುಗಡೆಯಾಗುವುದಿತ್ತು. ಟಾಕೀಸಿನ ಮುಂದೆ ಆಗಲೇ ಅವನ ಕಟೌಟು ಎದ್ದಿತ್ತು. ವಿಷಯ ಅಭಿಮಾನ. ಐಮಂಗಲದ ಹುಡುಗನೊಬ್ಬ ಕೊನೆಯ ವರ್ಷದ ಬಿ.ಎ.ಯಲ್ಲಿದ್ದ. ಆ ನಟನ ಅಭಿಮಾನಿ ಸಂಘಕ್ಕೆ ನಮ್ಮ ಕಾಲೇಜಿನಲ್ಲಿ ಅವನೇ ಮುಂದಾಳು. ಅವನ ಅಪ್ಪ ಊರಿನ ಪೌರಾಣಿಕ ನಾಟಕದಲ್ಲಿ ಗದೆ ಹಿಡಿಯುವ ಪಾತ್ರ ಮಾಡುವವರು, ಮಗನಿಗೆ ಆ ಗಂಟಲು ಬಂದಿತ್ತು. ನಾಟಕದವರ ಕಿರುಚಾಟವೂ ಒಂದು ಕಲೆಯೇ ಎಂದು ಹಿಂದೊಮ್ಮೆ ಯಾರೋ ನಕ್ಕಾಗ, ಮೇಷ್ಟ್ರು ಇವನನ್ನೇ ನಗುವವರ ಬೆಂಚಿನಲ್ಲಿ ಕೂರಿಸಿದ್ದರು. ಅಪ್ಪನನ್ನು ಗೇಲಿ ಮಾಡುವವರ ಪರವಾಗಿಯೂ ಮಾತಾಡಿ ಒಪ್ಪಿಸಿದ್ದ ಹುಡುಗ ಅವನು. ಮೇಷ್ಟ್ರಿಗೆ ಅವನೆಂದರೆ ಎಲ್ಲರಿಗಿಂತ ಹೆಚ್ಚು. ಹೇಳುತ್ತಿರಲಿಲ್ಲ, ಅವನು ಮಾತಾಡುವಾಗ ಕಡ್ಲೆಕಾಯಿ ಸುಲಿಯುವುದನ್ನು ನಿಲ್ಲಿಸುತ್ತಿದ್ದರು.

ನಿಯಮದ ಪ್ರಕಾರ ಅವನು ಎದುರು ಬೆಂಚಿಗೆ ಹೋದ. ನಟರನ್ನು ಪೂಜೆ ಮಾಡುವುದು ಕಂಡರಾಗದ ಒಬ್ಬ ಹುಡುಗಿಯ ಮಾತನ್ನು ಅವನು ಹೇಳಬೇಕಿತ್ತು. ಎದ್ದು ನಿಂತು ಹೇಳಿದ: "ಆವಯ್ಯಂಗೆ ನನ್ ಹೆಸ್ರು ಗೊತ್ತಿಲ್ಲ. ನಮ್ಮವ್ವ ಬೆಳಗ್ಗೆ ಎದ್ದು ಹಾಲು ಕರೆದು ಡೈರಿಗೆ ಹಾಕ್ತಾಳೆ, ನಾನು ಕಾಸು ಕೊಟ್ಟು ಅದ್ನೇ ತಂದು ಕಟೌಟಿಗೆ ಸುರೀತೀನಿ. ಅವ್ನು ಪರದೆ ಮೇಲೆ ಬಡವನ ಪಾತ್ರ ಮಾಡ್ತಾನೆ, ನಾವು ಟಾಕೀಸ್ ಮುಂದೆ ನಿಜವಾಗ್ಲೂ ಬಡವ್ರಾಗ್ತೀವಿ." ಇನ್ನೂ ಹೇಳಿದ. ಹುಡುಗರು ಮೇಜು ಕುಟ್ಟಿದರು. ಆ ಹುಡುಗಿ, "ಹೌದು ಕಣಪ್ಪ, ನಾನ್ ಹೇಳ್ಬೇಕಾಗಿದ್ದುದು ಇದೇ" ಎಂದಳು.

ಆಮೇಲೆ ಅವನು ತನ್ನ ಬೆಂಚಿಗೆ ಬಂದ. ಆಗ ಅವನ ದನಿ ಸಣ್ಣದಾಗಿತ್ತು. ಪಿಯುಸಿ ಫೇಲಾದ ದಿನ ಊರಲ್ಲಿ ಯಾರೂ ನನ್ನ ಹತ್ತಿರ ಮಾತಾಡಲಿಲ್ಲ, ಹಿರಿಯೂರಿಗೆ ಬಂದು ಟಾಕೀಸಿನಲ್ಲಿ ಕೂತೆ, ಆ ಸಿನಿಮಾದಲ್ಲಿ ಈ ನಟನೂ ಸೋತು ಮನೆಗೆ ಹೋಗಲು ಹೆದರಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ, ಆವತ್ತು ನನ್ನ ಪಕ್ಕ ಕೂತವನು ಅವನೊಬ್ಬನೇ ಎಂದು ಹೇಳಿದ. ಯಾರೂ ಮೇಜು ಕುಟ್ಟಲಿಲ್ಲ. ಮೇಷ್ಟ್ರ ಕನ್ನಡಕ ಅವರ ಕೈಯಲ್ಲಿತ್ತು. "ಚೆನ್ನಾಗಿ ಹೇಳಿದೆ ಕಣಪ್ಪ" ಎಂದರು. ಆ ಮಾತು ಅವರ ಬಾಯಿಂದ ನಾನು ಕೇಳಿದ್ದು ಆವತ್ತೇ.

ಈ ಎರಡನೆಯ ಮಾತು ಯಾರ ಫೋನಿನಲ್ಲೂ ಇಲ್ಲ. ಮೊದಲನೆಯದು ಭಾನುವಾರ ಮಧ್ಯಾಹ್ನದ ಹೊತ್ತಿಗೆ ಊರಿನ ಎಲ್ಲ ಫೋನುಗಳಲ್ಲೂ ಇತ್ತು. ಅಭಿಮಾನಿ ಸಂಘದ ಮುಂದಾಳುವೇ ನಮ್ಮ ಬಾಸ್‌ಗೆ ಬೈದಿದ್ದಾನೆ ಎಂದು ಮೇಲೆ ಬರೆದು ಹಂಚಿದ್ದರು. ಕೋಣೆಯಲ್ಲಿದ್ದವರಲ್ಲಿ ಯಾರೋ ಒಬ್ಬರು ತೆಗೆದದ್ದು. ಯಾರೆಂದು ಕೊನೆಗೂ ತಿಳಿಯಲಿಲ್ಲ. ಅದು ಆಟದ ನಿಯಮ, ಅವನದಲ್ಲದ ಮಾತು ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪ್ರತಿಯೊಂದಕ್ಕೂ ಅಭಿಪ್ರಾಯವಿದ್ದ ಆ ಮಕ್ಕಳಲ್ಲಿ ಒಬ್ಬರೂ ಅದನ್ನು ಎಲ್ಲೂ ಬರೆಯಲಿಲ್ಲ.

ಸೋಮವಾರ ಗೇಟಿನ ಮುಂದೆ ಬೈಕುಗಳು ತುಂಬಿದ್ದವು. ಹುಡುಗನನ್ನು ಆಗಲೇ ಎರಡು ಏಟು ಹಾಕಿದ್ದರು, ಅಂಗಿಯ ತೋಳಿನ ಗುಂಡಿ ಕಿತ್ತುಹೋಗಿತ್ತು. ಪ್ರಿನ್ಸಿಪಾಲರ ಕೋಣೆಗೆ ಅವನನ್ನೂ ಮೇಷ್ಟ್ರನ್ನೂ ಕರೆಸಿದರು. ವಾಚನಾಲಯದ ಕೀಲಿ ನನ್ನ ಹತ್ತಿರ ಇರುತ್ತದೆ ಎಂದು ನನ್ನನ್ನೂ ಕರೆಸಿದರು. ಸಂಘದ ನಾಲ್ಕು ಜನ ಒಳಗೇ ನಿಂತಿದ್ದರು. ಯಾಕಪ್ಪ ಹೀಗೆ ಮಾತಾಡಿದೆ ಎಂದು ಪ್ರಿನ್ಸಿಪಾಲರು ಕೇಳಿದಾಗ ಹುಡುಗ ನೆಲ ನೋಡುತ್ತಾ, "ನನ್ ಮಾತಲ್ಲ ಸಾರ್ ಅವು. ಮೇಷ್ಟ್ರೇ ಬರ್ಕೊಟ್ಟಿದ್ರು. ಹೇಳ್ದಿದ್ರೆ ಇಂಟರ್ನಲ್ಸ್ ಮಾರ್ಕ್ಸ್ ಕೊಡಲ್ಲ ಅಂದ್ರು" ಎಂದ.

ಯಾರೂ ಬರೆದುಕೊಟ್ಟಿಲ್ಲ ಸಾರ್, ಅಲ್ಲಿನ ನಿಯಮವೇ ಹಾಗೆ, ಇವನು ಆಮೇಲೆ ತನ್ನದನ್ನೂ ಹೇಳಿದ ಎಂದು ನಾನು ಹೇಳಿದೆ. ಆ ನಿಯಮ ಯಾವ ಸುತ್ತೋಲೆಯಲ್ಲಿದೆ ಎಂದು ಪ್ರಿನ್ಸಿಪಾಲರು ಕೇಳಿದರು. ತಾನು ನಂಬದ ಮಾತನ್ನು ಒಬ್ಬ ಹುಡುಗ ಯಾಕೆ ಆಡಬೇಕು, ಅದರಿಂದ ಯಾರಿಗೆ ಏನು ಉಪಯೋಗ ಎಂದೂ ಕೇಳಿದರು. ಅವರು ಕೆಟ್ಟವರಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಮೇಷ್ಟ್ರು ಹುಡುಗನನ್ನೇ ನೋಡುತ್ತಿದ್ದರು. ಅವನು ತಲೆ ಎತ್ತಲಿಲ್ಲ. ಬರೆದುಕೊಟ್ಟಿದ್ದು ನಿಜವೇ ಎಂದು ಪ್ರಿನ್ಸಿಪಾಲರು ಎರಡನೆಯ ಸಲ ಕೇಳಿದಾಗ, ಮೇಷ್ಟ್ರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, "ಹೇಳ್ಸಿದ್ದು ನಾನೇ. ಹುಡುಗನ್ನ ಬಿಟ್ಬಿಡ್ರಿ" ಎಂದರು.

ಬಿಟ್ಟರು. ಆದರೆ ಸಂಘದವರಿಗೆ ಅಷ್ಟು ಸಾಲದಾಯಿತು. ಅಲ್ಲಿಂದಲೇ ಮೇಷ್ಟ್ರನ್ನು ಟಾಕೀಸಿನ ಹತ್ತಿರ ನಡೆಸಿಕೊಂಡು ಹೋದರು. ಏಣಿ ಹತ್ತಿಸಲಿಲ್ಲ, ವಯಸ್ಸಾಗಿದೆ ಎಂದು ಅಷ್ಟು ಕರುಣೆ ತೋರಿಸಿದರು. ಕಟೌಟಿನ ಕಾಲಿಗೆ ಹಾಲು ಸುರಿದು ತಪ್ಪಾಯಿತು ಎನ್ನಬೇಕು ಎಂದರು. ಅವರು ಸುರಿದರು, ತಪ್ಪಾಯಿತು ಎಂದರು. ಸರಿಯಾಗಿ ಕೇಳಿಸಲಿಲ್ಲ ಎಂದು ಇನ್ನೊಮ್ಮೆ ಹೇಳಿಸಿದರು. ಅದೂ ಫೋನುಗಳಲ್ಲಿ ಬಂತು, ನಾನು ನೋಡಿದೆ. ಹಾಲಿನ ಚೊಂಬನ್ನು ಮೇಷ್ಟ್ರ ಕೈಗೆ ಕೊಡುವ ಕೈ ಅದರಲ್ಲಿ ಕಾಣುತ್ತದೆ. ಗುಂಡಿ ಕಿತ್ತ ಅಂಗಿ. ಐಮಂಗಲದ ಹುಡುಗನದೇ.

ಮುಂದಿನ ಸೆಮಿಸ್ಟರಿಗೆ ಅವರನ್ನು ಕರೆಯಲಿಲ್ಲ. ಹೊಳಲ್ಕೆರೆಯಲ್ಲೂ ಕರೆಯಲಿಲ್ಲ, ವಿಡಿಯೋಗಳಿಗೆ ಬಸ್ಸು ಹಿಡಿಯುವ ಕಷ್ಟವಿಲ್ಲವಲ್ಲ. ಒಂದು ಸಲ ದುರ್ಗಕ್ಕೆ ಹೋದಾಗ ಅವರ ಮನೆ ಹುಡುಕಿಕೊಂಡು ಹೋಗಿದ್ದೆ. ಹತ್ತನೇ ತರಗತಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರು. ಮಕ್ಕಳು ಯುದ್ಧದ ಇಸವಿಗಳನ್ನು ಗಟ್ಟಿಯಾಗಿ ಕೂಗುತ್ತಿದ್ದವು, ಅವರು ಕನ್ನಡಕ ಹಾಕಿಕೊಂಡೇ ಕೇಳುತ್ತಿದ್ದರು. ಅವರ ಹೆಂಡತಿ ಚಹಾ ತಂದಿಟ್ಟು, ಯಾರ ಹತ್ತಿರವೂ ಹೆಚ್ಚು ಮಾತಿಲ್ಲ, ನೀವಾದರೂ ಮಾತಾಡಿಸಿ ಎಂದರು. ನಾನು ಮಾತಾಡಿಸುವ ಬದಲು ಆ ಹುಡುಗನನ್ನು ಬೈದೆ. ಉಪಕಾರಗೇಡಿ ಎಂದೆ, ಇನ್ನೂ ಏನೇನೋ ಅಂದೆ. ಅವರು ಕೇಳಿಸಿಕೊಂಡು, "ಆಯ್ತು. ಈಗ ಅವನ ಕಡೆಯಿಂದ ಹೇಳ್ರಿ ನೋಡಾಣ" ಎಂದರು.

"ನಾನು ಹೇಳಾದಿಲ್ಲ ಸಾರ್."

"ಹೇಳ್ದಿದ್ರೆ ನೀವು ಬೈದಿದ್ದು ಲೆಕ್ಕಕ್ಕಿಲ್ಲ ಕಣ್ರಿ" ಎಂದು ನಕ್ಕರು. ಅವನು ಎಂದಾದರೂ ಬಂದಿದ್ದನೇ ಎಂದು ನಾನು ಕೇಳಲಿಲ್ಲ. ಆದರೆ ಹೊರಗೆ ಬೈಕಿನ ಸದ್ದಾದಾಗ ಅವರು ಬಾಗಿಲ ಕಡೆ ನೋಡಿದ್ದನ್ನು ನೋಡಿದೆ. ಹಾಲಿನವನ ಬೈಕು.

ಈ ಮಳೆಗಾಲದಲ್ಲಿ ಅವರು ತೀರಿಕೊಂಡರು. ಎದೆನೋವು ಎಂದರಂತೆ, ಆಸ್ಪತ್ರೆಗೆ ಹೊರಡುವ ಮೊದಲೇ ಮುಗಿಯಿತಂತೆ. ಮಣ್ಣು ಮಾಡಿದ್ದು ಹೊಸದುರ್ಗದ ಕಡೆಯ ಅವರ ಊರಿನಲ್ಲಿ. ನಾನು ಎರಡು ಬಸ್ಸು ಬದಲಿಸಿ ಹೋದೆ. ಊರಿನವರು, ನೆಂಟರು, ಟ್ಯೂಷನ್ನಿನ ಕೆಲವು ಮಕ್ಕಳು ಇದ್ದರು. ಆ ರೀಲ್ಸ್ ಮಾಡುವ ಹುಡುಗಿ ಬಂದಿದ್ದಳು. ಈಗ ಅವಳಿಗೊಂದು ಮಗುವಿದೆ. ಅವಳೂ ಆ ಕಾಲದಲ್ಲಿ ಏನೂ ಹೇಳಿರಲಿಲ್ಲ. ಅಳುತ್ತಾ ನನ್ನ ಕೈ ಹಿಡಿದುಕೊಂಡಳು, ನಾನು ಬಿಡಿಸಿಕೊಳ್ಳಲಿಲ್ಲ.

ಐಮಂಗಲದ ಹುಡುಗ ಬರಲಿಲ್ಲ. ಅವನೀಗ ಒಂದು ಪಕ್ಷದ ಕಾರ್ಯಕ್ರಮಗಳಲ್ಲಿ ಮೈಕು ಹಿಡಿಯುತ್ತಾನೆ. ಚೆನ್ನಾಗಿ ಮಾತಾಡುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ. ಒಂದೇ ಬೆಂಚಿನ ಮಾತು. ಎದುರು ಪಕ್ಷದವರ ಮಾತನ್ನು ಹೇಳುವಾಗ ಮೂಗಿನಲ್ಲಿ ಮಾತಾಡಿ ನಗಿಸುತ್ತಾನೆ. ಮೇಷ್ಟ್ರು ತೀರಿಕೊಂಡ ದಿನ ಸಂಜೆಯೇ ಅವನು ಒಂದು ರೀಲ್ ಹಾಕಿದ. ಕಾಲೇಜ್ ಡೇಯಲ್ಲಿ ತೆಗೆದ ಫೋಟೋ, ಹಿಂದೆ ಕೊಳಲಿನ ಅಳು, ಮೇಲೆ ನನಗೆ ಮಾತು ಕಲಿಸಿದ ಗುರುವಿಗೆ ನಮನ ಎಂಬ ಅಕ್ಷರ. ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. ಅದರಲ್ಲಿ ಆವತ್ತು ಗೇಟಿನಲ್ಲಿ ನಿಂತಿದ್ದವರ ಹೆಸರುಗಳೂ ಇದ್ದವು.

ಬೈದದ್ದು ಲೆಕ್ಕಕ್ಕೆ ಬರಬೇಕಾದರೆ ನಿಯಮ ಪಾಲಿಸಬೇಕು. ಆದ್ದರಿಂದ, ಆ ದಿನ ಅವರ ಮನೆಯಲ್ಲಿ ಹೇಳದೆ ಉಳಿದದ್ದನ್ನು ಈಗ ಹೇಳುತ್ತೇನೆ. ಮೊನ್ನೆ ಶನಿವಾರ ಎಲ್ಲರೂ ಹೋದ ಮೇಲೆ ಎರಡು ಬೆಂಚು ಹಾಕಿಕೊಂಡು, ಆ ಹುಡುಗನ ಕಡೆ ಕೂತು ಅವನ ಮಾತನ್ನು ಹೇಳಿ ನೋಡಿದೆ:

ಮೇಷ್ಟ್ರು ಸಂಜೆ ಬಸ್ಸು ಹತ್ತಿ ದುರ್ಗಕ್ಕೆ ಹೋಗುತ್ತಾರೆ, ನಾನು ಇಲ್ಲೇ ಇರಬೇಕು. ನನ್ನನ್ನು ಹೊಡೆದವರು ನನ್ನ ಗೆಳೆಯರೇ, ಅವರನ್ನು ಬಿಟ್ಟರೆ ನನಗೆ ಬೇರೆ ಗೆಳೆಯರಿಲ್ಲ. ಅಪ್ಪ ಅವ್ವನಿಗೆ ಇದು ಗೊತ್ತಾಗುವ ಮೊದಲು ಮುಗಿಯಬೇಕಿತ್ತು. ನನಗೆ ಆಗ ಇಪ್ಪತ್ತೊಂದು. ಎದುರಿನವರ ಮಾತನ್ನು ಹೇಳು ಎಂದು ಕಲಿಸಿದರೇ ಹೊರತು, ಎದುರಿನವರು ಹೊಡೆಯಲು ಬಂದಾಗ ಏನು ಮಾಡಬೇಕೆಂದು ಮೇಷ್ಟ್ರು ಕಲಿಸಿರಲಿಲ್ಲ. ಸುಳ್ಳು ಹೇಳಿದೆ. ಅವರು ಅಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಹೌದು ಎಂದುಬಿಟ್ಟರು. ಆಮೇಲೆ ಅವರ ಮುಖ ನೋಡುವುದು ಹೇಗೆ? ಸಂಘದವರು ಚೊಂಬು ಕೊಡು ಎಂದರು, ಕೊಟ್ಟೆ. ಕೊಡದಿದ್ದರೆ ಅದನ್ನು ನನ್ನ ತಲೆಗೆ ಹಾಕುತ್ತಿದ್ದರು.

ನನಗೆ ಬಂದದ್ದು ಇಷ್ಟು. ಗೇಲಿ ಮಾಡಿಲ್ಲ ಎಂದುಕೊಂಡಿದ್ದೇನೆ. ಹೇಳಿ ಮುಗಿಸಿದಾಗ ಸಿಟ್ಟು ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಅವನ ಕಷ್ಟ ಅರ್ಥವಾಯಿತು, ಸಿಟ್ಟು ಇದ್ದಲ್ಲೇ ಇದೆ. ಎರಡೂ ಒಟ್ಟಿಗೆ ಇರಬಹುದೇ ಎಂದು ಕೇಳಬೇಕಾದವರು ಇಲ್ಲ.

ಇದು ಸರಿಯಾಗಿದೆ ಎಂದು ಒಪ್ಪಬೇಕಾದವನು ಅವನು. ಒಪ್ಪಿದ ಮೇಲೆ ಅವನ ಸರದಿ. ಅವನು ಈ ಕಡೆಯ ಬೆಂಚಿಗೆ ಬಂದು ಮೇಷ್ಟ್ರ ಮಾತನ್ನು ಹೇಳಬೇಕು: ನಾನು ಏನನ್ನೂ ಬರೆದುಕೊಟ್ಟಿರಲಿಲ್ಲ, ಇಂಟರ್ನಲ್ಸ್ ಮಾತೇ ಆಡಿರಲಿಲ್ಲ, ಚೆನ್ನಾಗಿ ಹೇಳಿದೆ ಎಂದಷ್ಟೇ ಹೇಳಿದ್ದೆ. ಊರಿನ ಮುಂದೆ, ಅದೇ ಗಂಟಲಿನಲ್ಲಿ, ಪೂರ್ತಿಯಾಗಿ.

ಬೆಂಚುಗಳು ವಾಚನಾಲಯದಲ್ಲೇ ಇವೆ. ಅವನು ಇನ್ನೂ ಬಂದು ಕೂತಿಲ್ಲ.